ಷರಾ

ತಿಳವಳ್ಳಿ ರಸ್ತೆಯ ಆ ಐಬಿಯಲ್ಲಿ ಎರಡೇ ಖೋಲಿ.
ಒಂದರ ಸೂರಿಗೆ ಬಾವಲಿ, ಇನ್ನೊಂದರಲ್ಲಿ ನಾನು,
ಹನ್ನೊಂದು ದಿನ, ಪುಷ್ಯದ ಚಳಿಯಲ್ಲಿ,
ಹಿಂದಿನ ಕೆರೆಯ ಹೂಳು ಅಳೆಯುವ ಹುಕುಂ ಹೊತ್ತು:
ಅರ್ಧ ಮೀಟರಿಗೊಂದು ಗಂಟು ಹಾಕಿದ ಹಗ್ಗ,
ತುದಿಗೆ ಸೀಸದ ಗುಂಡು, ಏಳು ಕಾಲಮ್ಮಿನ ಪಟ್ಟಿ.

ಮೊದಲ ಬೆಳಗು ಹಲ್ಲುಜ್ಜುತ್ತ ಕಟ್ಟೆಗೆ ಬಂದರೆ
ಕೊನೆಯ ಮೆಟ್ಟಿಲ ಮೇಲೆ ಒಬ್ಬಾಕೆ,
ಬಿದಿರ ಕೋಲು ತೊಡೆಗಾನಿಸಿ
ನೀರನ್ನು ನೋಡುತ್ತಿದ್ದಳು. ನೋಡುವುದೇನು,
ಕಿವಿಗೊಟ್ಟಂತಿತ್ತು.
'ನೆಳ್ಳು ಹಿಂದಕ್ ತಗೀರಿ ಸಾಹೇಬ್ರ.'
ನನ್ನ ತಲೆ ಅಷ್ಟುದ್ದ ನೀರಿಗೆ ಬಿದ್ದಿತ್ತು.
ಪೇಸ್ಟು ನುಂಗಿ ಸರಿದೆ.

ಹೊಳೆವ್ವ ಬಾರಕೇರ. ಖಾನಸಾಮಾ ಗುತ್ತೆಪ್ಪನ ಹೆಂಡತಿ.
ಐಬಿಗೆ ಬಂದವರ ತಟ್ಟೆಗೆ ಬೀಳುವ ಮೀನು ಆಕೆಯದು,
ಬಿಲ್ಲು ಗಂಡನ ಹೆಸರಿಗೆ.
ಹಾರ್ಲಿಕ್ಸ್ ಬಾಟಲಿಯಲ್ಲಿ ಎರೆಹುಳ, ಒದ್ದೆ ಮಣ್ಣು.
ದಾರಕ್ಕೆ ಜೋಳದ ದಂಟಿನ ಬೆಂಡು, ಬೆರಳುದ್ದ,
ತುದಿಗೆ ಕುಂಕುಮ. ದೇವರಿಗಲ್ಲ,
ದೂರದಿಂದ ಕಾಣಲೆಂದು.

ಬೆಂಡು ಪುಟಿದರೆ ಎತ್ತುವುದಿಲ್ಲ.
'ಜಿಲೇಬಿ ಮರಿ, ಚ್ಯಾಷ್ಟಿ ಮಾಡತೈತಿ.'
ವಾರೆಯಾಗಿ ಜಾರಿದರೂ ಎತ್ತುವುದಿಲ್ಲ.
'ಆಮಿ. ಹುಳಾ ತಿಂದು ಗಾಳಾ ಬಿಡತೈತಿ,
ಸೊಸಾಯ್ಟಿ ಸೆಕ್ರೇಟರಿ ಹಂಗ.'
ಒಮ್ಮೆ ನಿಂತು, ಏನೋ ನೆನಪಾದಂತೆ
ಮೆಲ್ಲಗೆ, ನೆಟ್ಟಗೆ, ಒಳಗಿಳಿದರೆ
ಆಗ ಕೋಲು ಬಾಗುತ್ತದೆ.
ಆಕೆಯ ಮುಖದಲ್ಲಿ ಏನೂ ಆಗುವುದಿಲ್ಲ.

ನಾನು ಹಗಲೆಲ್ಲ ಹರಿಗೋಲಲ್ಲಿ.
ಗುಂಡು ಬಿಡು, ಗಂಟು ಎಣಿಸು, ಬರೆ.
ಎರಡೂವರೆ. ಎರಡು. ಎರಡು. ಒಂದೂವರೆ.
ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು
ಪಟ್ಟಿ ಓದಿ ಹೇಳಿದೆ, ಜಂಬಕ್ಕೆ.
ಮೀನಿನ ಹುರುಪೆ ಕೆರೆಯುತ್ತ, ತಲೆಯೆತ್ತದೆ,
ಆಕೆ ನಾಲ್ಕು ಕಡೆ ತಿದ್ದಿದಳು.
ಮರುದಿನ ಹೋಗಿ ಅಳೆದೆ. ನಾಲ್ಕೂ ತಪ್ಪಿದ್ದೆ.

ಒಂಬತ್ತನೆಯ ದಿನ ತಾನೇ ಹರಿಗೋಲು ಹತ್ತಿದಳು.
ಏರಿಯ ಮೇಲಿನ ಬಸರಿಮರ ಊರ ನೀರಿನ ಟಾಕಿಯನ್ನು ಮುಚ್ಚುವಲ್ಲಿ,
ಐಬಿಯ ಹೊಗೆಗೂಡು ಸಾಲಿಯ ಬಾವುಟಗಂಬಕ್ಕೆ ತಾಕುವಲ್ಲಿ
ಹುಟ್ಟು ನಿಲ್ಲಿಸಿದಳು.
(ಇದನ್ನೇ ನನಗೆ ಕಲಿಸಲು
ಬಾಗಲಕೋಟೆಯ ಕಾಲೇಜು ನಾಲ್ಕು ವರ್ಷ ತೆಗೆದುಕೊಂಡಿತ್ತು.)
'ಇಲ್ಲಿ ಬಿಡ್ರಿ ನಿಮ್ಮ ಗುಂಡು.'

ಎರಡು. ಮೂರು. ಐದು.
ಗಂಟುಗಳು ಬೆರಳ ಸಂದಿಯಿಂದ ಓಡಿದವು.
ಎಂಟು. ಹಗ್ಗ ಮುಗಿಯಿತು.
ಮುಂಗೈವರೆಗೆ ನೀರಿಗಿಳಿದು ನಿಂತೆ;
ಗುಂಡು ಇನ್ನೂ ತೂಗಾಡುತ್ತಿತ್ತು.

'ಬಾವಿರಿ. ಏರಿ ಎತ್ತರಿಸೂಕಿಂತ ಮೊದಲಿಂದು.
ನಮ್ಮತ್ತಿಯ ಅತ್ತಿ ಇದರಾಗ ನೀರ ಸೇದತಿದ್ಲಂತ.'
ಹೂಳು ತುಂಬಿಲ್ಲವೆ?
'ಸೆಲಿ ಐತಿ. ನೂಕತೈತಿ.
ಕೆರಿ ಬತ್ತಿದ ವರ್ಷ ಕೊರವ ಮೀನ ಇದರಾಗ ಇಳೀತಾವ.
ಮತ್ತ ಮಳಿಗೆ ಮ್ಯಾಲ ಬರತಾವ, ಮರಿ ಕರಕೊಂಡು.'
ಕೋಲು ಹರಿಗೋಲಲ್ಲೇ ಇತ್ತು. ಬಿಚ್ಚಲಿಲ್ಲ.
'ಇಲ್ಲಿ ಗಾಳ ಹಾಕಂಗಿಲ್ಲ.'
ಯಾಕೆ ಎಂದೆ.
'ಹಾಕಂಗಿಲ್ಲ, ಅಷ್ಟ.'

ಏಪ್ರಿಲ್ಲಿಗೆ ಹಿಟಾಚಿ ಬರುತ್ತದೆ.
ತೆಗ್ಗು ಕಂಡರೆ ತುಂಬಿ, ದಿಬ್ಬ ಕಂಡರೆ ಕಡಿದು
ತಟ್ಟೆಯಂಥ ತಳ ಮಾಡುವುದು ಅದರ ಧರ್ಮ.
ಕೊನೆಯ ರಾತ್ರಿ, ಹುಣಸೆಹುಳಿಯ ಸಾರಿನ ಬೆರಳು
ಎಷ್ಟು ತೊಳೆದರೂ ಕಮಟು ಬಿಡದೆ,
ನಲವತ್ತಮೂರನೆಯ ಸಾಲು ತುಂಬಿದೆ.
ಆಳ: ಎರಡು ಮೀಟರು.
ಷರಾ: ಬಂಡೆ. ಅಗೆಯಲು ಬಾರದು.
ಇಪ್ಪತ್ತೆರಡು ವರ್ಷದ ನೌಕರಿಗೆ ಸುಳ್ಳು ಷರಾ ಹೊಸದಲ್ಲ;
ಇದನ್ನು ಮಾತ್ರ ಎರಡು ಸಲ ಓದಿ ಸಹಿ ಹಾಕಿದೆ.

ಬೆಳಿಗ್ಗೆ ಗುತ್ತೆಪ್ಪ ಬಿಲ್ಲು ತಂದ:
ಚಹಾ ಮೂವತ್ತೊಂದು, ಊಟ ಇಪ್ಪತ್ತು, ಮೀನು ಒಂಬತ್ತು.
ಹೇಳಿ ಹೋಗೋಣವೆಂದು ಕಟ್ಟೆಗೆ ಬಂದೆ.
ಆಕೆ ತಿರುಗಲಿಲ್ಲ. ಬೆಂಡು ನಿಂತಿತ್ತು,
ಈಗಲೋ ಆಗಲೋ ಎಂಬಂತೆ.
ಬಿಸಿಲು ನನ್ನ ಬೆನ್ನಿಗಿತ್ತು.
ನೆರಳು ನೋಡಿಕೊಂಡು
ಹಿಮ್ಮುಖವಾಗಿಯೇ ನಡೆದು ಜೀಪು ಹತ್ತಿದೆ.