ಓರೆ ತಿದ್ದಿದ್ದು

ಒಂಟಿಕೊಪ್ಪಲಿನಲ್ಲಿ ಅಪ್ಪ ಬಿಟ್ಟುಹೋದ ಸ್ಟುಡಿಯೋ,
ಈಗ ಮುಕ್ಕಾಲು ಪಾಲು ಜೆರಾಕ್ಸು, ಲ್ಯಾಮಿನೇಷನ್ನು.
ಫಿಲಮ್ಮು ತರುವವರು ಮುಗಿದರು ಅಂದುಕೊಂಡಿದ್ದೆ.

ಅವಳು ತಂದಳು. ಗೋಕುಲಕ್ಕೆ ಯೋಗ ಕಲಿಯಲು ಬಂದವಳು,
ಬೆನ್ನಿಗೆ ಸುತ್ತಿದ ಚಾಪೆ, ಕೈಯಲ್ಲಿ ಅರ್ಧ ಕುಡಿದ ಎಳನೀರು.
ಹೆಸರು ತಾತೆವಿಕ್.
ರಸೀದಿಯಲ್ಲಿ ತಾತವ್ವ ಅಂತ ಬರೆದೆ.
ಓದಿ ಅಂದಳು. ಓದಿದೆ. ನಕ್ಕಳು.
ಕಪ್ಪು ಬಿಳುಪು, ಮೂವತ್ತಾರು. ಗುರುವಾರ ಬನ್ನಿ.

ಕೆಂಪು ದೀಪದಡಿ, ಟ್ರೇಯ ನೀರಲ್ಲಿ
ಮೊದಲು ಮೂಡಿದ್ದು ಕಲ್ಲು.
ಆಳಿಗಿಂತ ಎಷ್ಟೋ ಎತ್ತರ, ದುಂಡಗೆ ಹನ್ನೆರಡು,
ಎಲ್ಲವೂ ಒಳಕ್ಕೆ ವಾಲಿ.
ಕ್ಯಾಮೆರಾ ಮೇಲೆತ್ತಿ ಹೊಡೆದರೆ ಹೀಗೇ ಆಗುವುದು,
ಫಿಲೋಮಿನಾ ಚರ್ಚಿನ ಗೋಪುರಗಳನ್ನು ಅಪ್ಪ
ಕಾಗದದ ಚೌಕಟ್ಟಿನಡಿ ಬೆಂಕಿಪೊಟ್ಟಣ ಇಟ್ಟು
ನೆಟ್ಟಗೆ ಮಾಡುತ್ತಿದ್ದರು.
ನಾನೂ ಇಟ್ಟೆ. ಎರಡು ಸಾಕಾಯಿತು.
ಹನ್ನೆರಡೂ ಕವಾಯತಿನ ಸಿಪಾಯಿಗಳ ಹಾಗೆ ನಿಂತವು.

ಗುರುವಾರ ಅವಳು ತುಂಬ ಹೊತ್ತು ನೋಡಿದಳು.
ಇದು ನಮ್ಮದಲ್ಲ, ಅಂದಳು.
ಕಲ್ಲೇ ಬಾಗಿರೋದು. ಬಾಗಿಸಿಯೇ ಕಟ್ಟಿದ್ದು.
ಗಾಜಿನ ಮೇಜಿನ ಮೇಲೆ ಎರಡೂ ಕೈ ಬಾಗಿಸಿ ತೋರಿಸಿದಳು:
ಗಾಳಿಗೆ ಕಡ್ಡಿ ಆರದಿರಲೆಂದು ಮುಚ್ಚಿಕೊಳ್ಳುತ್ತೇವಲ್ಲ,
ಹಾಗೆ.
ನಡುವೆ ಆರದ ಬೆಂಕಿ ಇದೆಯಂತೆ,
ಏಪ್ರಿಲ್‌ನಲ್ಲಿ ಅದರ ಸುತ್ತ ಎದೆಮಟ್ಟ ಹೂವಂತೆ.

ಎಷ್ಟು ಜನ ಅಂತ ಕೇಳಿದೆ. ಕೇಳಬಾರದಿತ್ತೇನೋ.
ಹದಿನೈದು ಲಕ್ಷ.
ಮನಸ್ಸು ತಾನಾಗಿ ಲೆಕ್ಕಕ್ಕೆ ಬಿತ್ತು:
ಇಡೀ ಮೈಸೂರು, ಸಾಲದೆ ಮಂಡ್ಯ.
ಹೆಬ್ಬಾಳದಿಂದ ಬೆಟ್ಟದ ಮೆಟ್ಟಿಲವರೆಗೆ
ಒಂದು ಮನೆಯಲ್ಲೂ ಹಾಲು ಉಕ್ಕದ ಬೆಳಗು.
ಅವಳ ಮುತ್ತಜ್ಜಿಯ ಮನೆಯಲ್ಲಿ ಒಂಬತ್ತು ಮಂದಿ.
ಒಬ್ಬರದೂ ಫೋಟೊ ಇಲ್ಲ,
ಅದಕ್ಕೇ ಕಲ್ಲಿನದು ತೆಗೆದೆ, ಅಂದು
ಎಳೆಯ ಮಕ್ಕಳ ಹಾಗೆ ಮೂಗೊರೆಸಿಕೊಂಡಳು.

ಒಳಗೆ ಹೋಗಿ ಬೆಂಕಿಪೊಟ್ಟಣ ತೆಗೆದೆ.
ನೀರಲ್ಲಿ ಕಲ್ಲುಗಳು ಒಂದೊಂದೇ ತಲೆ ತಗ್ಗಿಸಿದವು.
ಎರಡಕ್ಕೂ ದುಡ್ಡು ಕೊಡಲು ಬಂದಳು,
ತಪ್ಪಿಗೆ ತಗೊಳ್ಳಲ್ಲ ಅಂದೆ.

ಆ ನೆಟ್ಟಗಿನದು ಡ್ರಾಯರಿನಲ್ಲಿದೆ,
ಯಾರೂ ಒಯ್ಯದ ಪಾಸ್‌ಪೋರ್ಟ್ ಫೋಟೊಗಳ ಜೊತೆ.
ನಿನ್ನೆ ಪಡುವಾರಹಳ್ಳಿಯ ಗಂಗಾಜಮ್ಮ
ಪಿಂಚಣಿ ಅರ್ಜಿಗೆ ಮುಖ ಕೊಡಲು ಬಂದಿದ್ದರು.
ಸ್ಟೂಲಿನ ಮೇಲೆ ಕತ್ತು ಎಡಕ್ಕೆ ವಾಲಿತ್ತು.
ತಲೆ ನೆಟ್ಟಗಿಡಿ ಅನ್ನಲು ಬಾಯಿ ತೆರೆದವನು
ಹಾಗೇ ಒತ್ತಿದೆ.
ಆಫೀಸಿನವರು ವಾಪಸ್ ಕಳಿಸಿದರೆ
ಇನ್ನೊಂದು ತೆಗೆದರಾಯಿತು.