ಒಂದು ತಲೆ ಹೆಚ್ಚು

ಇಪ್ಪತ್ತೆರಡು ವರ್ಷ ದುರ್ಗದ ಡಿಪೋದಲ್ಲಿ ಕಂಡಕ್ಟರು ನಾನು.
ಹರಿದ ಟಿಕೆಟ್ಟಿಗೂ ಕೂತ ತಲೆಗೂ ತಾಳೆಯಾಗದಿದ್ದರೆ
ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಅದಕ್ಕೇ ಇರಬೇಕು
ಈ ಸೈಕಲ್ ಹುಚ್ಚರು ವರ್ಷಕ್ಕೊಮ್ಮೆ ಗುಡ್ಡ ಹತ್ತುವಾಗ
ಎಣಿಸುವ ಕೆಲಸ ನನ್ನ ಕೊರಳಿಗೆ ಕಟ್ಟಿದ್ದು,
ಹಳೆಯ ಸೀಟಿಯ ಜೊತೆಗೆ.

ಎಣಿಸುವುದೆಂದರೆ ಬರೀ ಎಣಿಸುವುದಲ್ಲ.
ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನವೇ ಶುರು:
ಅರಣ್ಯ ಇಲಾಖೆಗೆ ಅರ್ಜಿ. ಮಾನ್ಯರೇ, ಸದರಿ ವಾಹನಗಳು
ಹೊಗೆ ಬಿಡುವುದಿಲ್ಲ, ಹಾರ್ನ್ ಮಾಡುವುದಿಲ್ಲ,
ಏದುಸಿರು ಬಿಡುವವರು ಸವಾರರು ಮಾತ್ರ.
ಸಾಹೇಬರು ಆ ಸಾಲಿಗೆ ಹಸಿರು ಶಾಯಿಯಲ್ಲಿ ಸುತ್ತು ಹಾಕಿ
ಅದರ ಕೆಳಗೇ ಸಹಿ ಮಾಡಿದರು.
ಲಗೇಜ್ ಟೆಂಪೋ, ಬಾಡಿಗೆಗೆ ಮೂರು ದಿನದ ಚೌಕಾಸಿ.
ಮಂಡಕ್ಕಿ ಎರಡು ಮೂಟೆ, ಬಾಳೆಹಣ್ಣು ಹನ್ನೆರಡು ಡಜನ್.
ಔಷಧಿ ಡಬ್ಬಿ ಹಲ್ಲಿನ ಡಾಕ್ಟರು ಪರಿಮಳಾ ಅವರದು,
ಮೊಣಕಾಲು ಒಡೆದುಕೊಂಡವರಿಗೂ ಮೊದಲು ಬಾಯಿ ತೆರೆ ಎನ್ನುತ್ತಾರೆ.
ದಾದಾಪೀರ್ ನಲವತ್ತು ಟ್ಯೂಬಿಗೆ ತೇಪೆ ಹಾಕಿ
ಮಾಲೆಯ ಹಾಗೆ ಟೆಂಪೋದ ಹಿಂದೆ ತೂಗುಬಿಟ್ಟ.
ಜಾಲಿ ಮುಳ್ಳಿಗೆ ಐನೂರರ ಟೈರೂ ಒಂದೇ
ಐದು ಸಾವಿರದ್ದೂ ಒಂದೇ, ಎಂಬುದು ಅವನ ವೇದಾಂತ.
ಬರ್ತೀನಿ ಅಂದವರು ಐವತ್ತಾರು.
ಕತ್ತಲಲ್ಲಿ ರಂಗಯ್ಯನ ಬಾಗಿಲ ಹತ್ತಿರ ಬಂದವರು ಮೂವತ್ತೊಂದು.

ಸೀಟಿ ಊದಿದೆ. ರೈಟ್.

ಜೋಗಿಮಟ್ಟಿಯ ಏರಿನಲ್ಲಿ ಮೊದಲು ಮಾತು ನಿಂತಿತು,
ಆಮೇಲೆ ಗಿಯರು ಬದಲಿಸುವ ಕಟಕಟವೂ.
ಬೆಳಕು ಹರಿದಾಗ ಗಾಳಿಯಂತ್ರದ ರೆಕ್ಕೆಯ ನೆರಳು
ಒಬ್ಬೊಬ್ಬರ ಬೆನ್ನನ್ನೂ ಮುಟ್ಟಿ ಮುಟ್ಟಿ ಬಿಡುತ್ತಿತ್ತು,
ನನಗಿಂತ ಚೆನ್ನಾಗಿ ಲೆಕ್ಕ ಬಂದವರ ಹಾಗೆ.
ಇಳಿಜಾರಿನ ಜಲ್ಲಿಯಲ್ಲಿ ಏಳು ಪಂಕ್ಚರು,
ಒಂದು ಮುರಿದ ಪೆಡಲು, ಸೀತಾಫಲದ ಪೊದೆಯೊಳಗೆ ಒಬ್ಬ ಲೆಕ್ಚರರು.

ಮಾರಿಕಣಿವೆಯ ಕಟ್ಟೆಯ ಹತ್ತಿರ, ಮಧ್ಯಾಹ್ನ ಎರಡೂಕಾಲಿಗೆ,
ಹೆಲ್ಮೆಟ್ಟು ತೆಗೆಸಿ ಸಾಲಾಗಿ ನಿಲ್ಲಿಸಿ ಎಣಿಸಿದೆ.
ಮೂವತ್ತೆರಡು.
ಮತ್ತೊಮ್ಮೆ, ಆ ತುದಿಯಿಂದ. ಮೂವತ್ತೆರಡು.
ಕಡಿಮೆಯಾದರೆ ಏನು ಮಾಡಬೇಕೆಂದು ಗೊತ್ತು:
ಟೆಂಪೋ ಹಿಂದಕ್ಕೆ ಕಳಿಸು, ಫೋನ್ ಮಾಡು, ಹೆಸರು ಹಿಡಿದು ಕೂಗು.
ಹೆಚ್ಚಾದರೆ?

ಸಾಲಿನ ಕೊನೆಗೆ ಒಂದು ಹುಡುಗಿ.
ಯೂನಿಫಾರ್ಮಿನ ಮೇಲೆ ಅಣ್ಣನ ಅಂಗಿ, ತಲೆಗೆ ಟವಲು,
ಅಕ್ಕನಿಗೆ ಎಂದೋ ಸರ್ಕಾರ ಕೊಟ್ಟ ಸೈಕಲ್ಲು.
ಗಿಯರಿಲ್ಲ. ಮುಂದಿನ ಬುಟ್ಟಿಯಲ್ಲಿ
ನಮ್ಮವರೇ ದಾರಿಯಲ್ಲಿ ಎಸೆದ ನೀರಿನ ಬಾಟಲಿ, ಒಂಬತ್ತು.
"ಟಿಕೆಟ್?" ಬಾಯಿ ತಪ್ಪಿ ಬಂತು.
"ಹೋದ ವರ್ಷಾನೂ ಬಂದಿದ್ದೆ ಸಾರ್. ನಮ್ಮ ಹಟ್ಟಿ ತಾವ ಸೇರ್ಕಂಡೆ.
ನೀವು ಎಣಿಸಿ, ಸರಿಯಾಯ್ತು ಅಂದ್ರಿ."

ಸರಿಯಾಗಿಯೇ ಇತ್ತು. ಇಪ್ಪತ್ತೆಂಟು ಹೊರಟು ಇಪ್ಪತ್ತೆಂಟು ಮುಟ್ಟಿ
ಆ ಸಂಜೆ ಎಲ್ಲರಿಗೂ ನಾನೇ ಮಿರ್ಚಿ ಕೊಡಿಸಿದ್ದೆ.
ತಿರುಗಿ ನೋಡಿದರೆ ಓಬಳೇಶ ಚೈನಿಗೆ ಎಣ್ಣೆ ಬಿಡುತ್ತಿದ್ದಾನೆ,
ಆಗಲೇ ಎಣ್ಣೆ ಸೋರುತ್ತಿದ್ದ ಚೈನಿಗೆ.
"ಕಾಲು ಹಿಡ್ಕಂಡಿತ್ತಣ್ಣ. ಹೈವೇ ತಾವ ಬಸ್ ಹತ್ತಿ ಮನೆಗೆ ಹೋದೆ.
ಟಿಕೆಟ್ ಮಾತ್ರ ತಗಂಡಿದ್ದೆ, ಸೈಕಲ್ಲಿಗೂ."

ಒಂದು ವರ್ಷ ಒಬ್ಬನನ್ನು ಕಳೆದುಕೊಂಡು ನೆಮ್ಮದಿಯಾಗಿ ಉಂಡಿದ್ದೇನೆ.
ಅವನ ಜಾಗದಲ್ಲಿ ಇವಳು ನಿಂತಿದ್ದಳು. ನನ್ನ ಬೆರಳು
ಇವಳ ಮೇಲೆ ಹಾದು ಮುಂದಕ್ಕೆ ಹೋಗಿತ್ತು.

ಕತ್ತಲಾಗುವ ಮುಂಚೆ ಹಟ್ಟಿಯ ತಿರುವಿನಲ್ಲಿ ಟೆಂಪೋ ನಿಂತಿತು.
ಸೈಕಲ್ಲು ಇಳಿಸಿದ ದಾದಾಪೀರ್ ಯಾರೂ ಕೇಳದೆಯೇ
ಅದರ ಬ್ರೇಕಿಗೆ ಹೊಸ ರಬ್ಬರು ಹಾಕಿದ.
ಮುಂದಿನ ವರ್ಷದ ಪಟ್ಟಿ ತೆಗೆದೆ, ಖಾಲಿ ಹಾಳೆ.
ಹೆಸರು?
"ಸ್ಕೂಲಲ್ಲಿ ಜಯಶೀಲಾ. ಹಟ್ಟೀಲಿ ಜುಂಜಕ್ಕ."
ಯಾವುದು ಬರೆಯಲಿ?
"ಎರಡೂ ಬರ್ಕಳ್ರಿ."
ಬರೆದೆ. ಬರೆದ ಮೇಲೆ ಹೊಳೆಯಿತು,
ಲೆಕ್ಕ ಮತ್ತೆ ತಪ್ಪುತ್ತದೆ.
ಸೀಟಿ ನನ್ನ ಬಾಯಿಗೆ ಬರುವಷ್ಟರಲ್ಲಿ
ಟೆಂಪೋದ ತಗಡಿಗೆ ಎರಡು ಏಟು ಬಡಿದು
ಅವಳೇ ಅಂದಳು:
ರೈಟ್.