ಚಿಪಾಟಾಕ್ಕ ಒಂದು ಪಾರ್ಸಲ್

ಗದಗ ಹೆಡ್ ಪೋಸ್ಟಾಫೀಸು, ಮೂರನೇ ಕಿಡಕಿ.
ನಾಕನೂರಾ ಹತ್ತು ಗ್ರಾಂ, ಅಂದಳು ಒಳಗಿನ ಹುಡುಗಿ,
ಏನೈತ್ರಿ ಇದರಾಗ?
ವಾಷರ್. ಬೋರಿನ ಕೈಪಂಪಿಗೆ ಹಾಕೂವು. ಚರ್ಮದ್ದು.
ಯಾವ ದೇಶರಿ?
ಝಾಂಬಿಯಾ.
ಆಕಿ ಕಂಪ್ಯೂಟರಿನ್ಯಾಗ ಹುಡುಕಾಕ ಹತ್ತಿದಳು.
ಸರ್ವರ್ ನಿಂತು ನಿಂತು ನಡದಿತ್ತು.
ಅಲ್ಲಿ ಹೋಗಿದ್ರ್ಯಾ ಅಜ್ಜಾರ? ಹೆಂಗೈತ್ರಿ? ಹುಲಿ, ಸಿಂಹ?

ಹುಲಿ ಇಲ್ಲವ್ವ ಅಲ್ಲಿ.
ಸಿಂಹ ನಾ ನೋಡಲಿಲ್ಲ.
ನಾ ನೋಡಿದ್ದಕ್ಕಿಂತ ಅವರು ನನ್ನ ನೋಡಿದ್ದ ಹೆಚ್ಚು.

ಮೂವತ್ತೊಂದು ವರ್ಷ ಮುಂಡರಗಿ ತಾಲೂಕಿನ ಪಂಪು
ಬಿಚ್ಚಿದಾವ, ಜೋಡಿಸಿದಾವ. ರಿಟೈರಾದ ಮ್ಯಾಲೆ
ಸಂಸ್ಥೆಯವರು ಕೇಳಿದರು: ಪಗಾರಿಲ್ಲ, ಊಟ ವಸತಿ ಐತಿ,
ಆರು ತಿಂಗಳು ಕಲಿಸಿ ಬರ್ತೀರೇನು, ದಾವಲಸಾಬ?

ಲುಸಾಕಾದ ಏರಪೋರ್ಟಿನ್ಯಾಗ ಚೀಲ ಬಿಚ್ಚಿಸಿದರು.
ಇಕ್ಕಳ, ಸ್ಪ್ಯಾನರ್, ಅದರಡಿ
ಮಾಬೂಬಿ ಅರಿವ್ಯಾಗ ಸುತ್ತಿದ ನಲವತ್ತು ಕಟಕ ರೊಟ್ಟಿ.
ಸಾಹೇಬ ಒಂದು ಎತ್ತಿ ಬೆಳಕಿಗೆ ಹಿಡದ. ಬಡದು ನೋಡಿದ.
ಗ್ಯಾಸ್ಕೆಟ್? ಅಂದ.
ನಾ ಮುರದು ತಿಂದು ತೋರಿಸಿದೆ.
ಆತನೂ ಒಂದು ತುಣುಕು ಕಡದು, ಅಗಕೋತ ಠಸ್ಸೆ ಒತ್ತಿದ.

ಬಸ್ಸಿನ್ಯಾಗ ದಿನಾ ಪೂರ್ತಿ. ಕೆಂಪು ಮಣ್ಣು.
ನಾ ಎರಿ ಹೊಲದಾವ, ಮಳಿ ಬಂದರ
ಕಾಲು ಹಿಡದು ಬಿಡದ ಮಣ್ಣು ನಂದು.
ಇದು ಕೊಡವಿದರ ಹೋಗಿಬಿಡ್ತಿತ್ತು. ಅದಕ್ಕ ಹೆದರಿಕಿ ಬಂತು.

ಊರಾಗ ಇಳದ ಕೂಡಲೆ ಮುದುಕಪ್ಪ ಒಬ್ಬಾತ ಕೈ ಹಿಡದು
ಮೂಲಿ ಬ್ವಾಂಜಿ, ಅಂದ. ಆರಾಮ ಅದೀಯೇನು, ಅಂತ.
ಆಮ್ಯಾಲಿನ ಮಾತಿಗೆ, ತಿರುವಿ ಹೇಳೂ ಹುಡುಗ ನಕ್ಕ.
ಏನಂತ?
ನಿಮ್ಮ ಅಂಗಡಿ ಎಲ್ಲಿ ತೆಗೀತೀರಿ ಅಂತ.
ಅವರು ಕಂಡ ನಮ್ಮ ಮಂದಿ ಎಲ್ಲಾ
ಗಲ್ಲೆದ ಹಿಂದ ಕುಂತಾವರು.
ಬೆಟಗೇರಿಯೊಳಗ ಮೂರು ಅಂಗಡ್ಯಾಗ ಉದ್ರಿ ಬರಸಿದಾವ ನಾನು,
ಏನಂತ ಹೇಳ್ಲಿ?

ಮಾವಿನ ಗಿಡದ ಬುಡಕ ಪಂಪು. ಅದ ಪಂಪು,
ಮೈಮ್ಯಾಲೆ ನಮ್ಮ ದೇಶದ ಹೆಸರು.
ನಾ ಪಾಠದ ಚಾರ್ಟ್ ಬಿಡಸೂದ್ರಾಗ
ಎಸ್ತೇರ ಅನ್ನಾಕಿ, ಬೆನ್ನಿಗೆ ಕೂಸು ಕಟಗೊಂಡು,
ಅದರ ತಲಿ ಇಳಿಸಿಬಿಟ್ಟಿದ್ದಳು.
ಐದು ಮಂದಿ ಹೆಂಗಸರು ಪೈಪು ಮ್ಯಾಲೆ ಎಳದರು.
ನಮ್ಮ ಗ್ಯಾಂಗಿನಂಗ ಬೈಗಳಿಲ್ಲ, ಬೀಡಿ ಇಲ್ಲ.
ಹರದ ವಾಷರ್ ನನ್ನ ಅಂಗೈಮ್ಯಾಲೆ ಇಟ್ಟಳು.
ಇದು ಬೇಕು. ಅಷ್ಟ.
ಎಲ್ಲಾ ಬರ್ತಿತ್ತು ಅವರಿಗೆ.
ಇದೊಂದು ಸಿಗದ ಎಂಟು ತಿಂಗಳಾಗಿತ್ತು.
ನನ್ನ ಚೀಲದಾಗ ಆರಿದ್ದವು.

ನೀರು ಬಂತು. ಮೊದಲ ತುಕ್ಕು, ಆಮ್ಯಾಲೆ ತಿಳಿ. ನಾ ನಕ್ಕೆ.
ಕೊಡ ಹಿಡಕೊಂಡು ಮುಂದ ಬಂದ ಸಣ್ಣ ಹುಡುಗಿ
ನನ್ನ ಹಲ್ಲು ನೋಡಿತು,
ನೀರು ನೋಡಿತು,
ಮತ್ತ ಹಲ್ಲು ನೋಡಿ ಏನೋ ಕೇಳಿತು.
ಈ ಸಲ ಹುಡುಗ ನಗಲಿಲ್ಲ. ಒತ್ತಿ ಕೇಳಿದ ಮ್ಯಾಲೆ ಹೇಳಿದ:
ಇದನ್ನ ಕುಡದರ ನನ್ನ ಹಲ್ಲೂ ಹಂಗ ಆಗ್ತಾವೇನು?

ಮೂವತ್ತೊಂದು ವರ್ಷ. ನಾ ಬಿಗದ ನಟ್ಟು, ನಾ ಇಳಿಸಿದ ಪೈಪು.
ಕಂದು ಗೆರಿ ಬಿದ್ದ ಹಲ್ಲು ಹುಟ್ಟಿದ ಊರಿನ ಗುರುತು ಅಂತ
ತಿಳಕೊಂಡಾವರು ನಾವು. ನನ್ನ ಮಕ್ಕಳು ಸುದ್ಧಾ
ಒಂದಿನ ಕೇಳಿರಲಿಲ್ಲ.

ಬೊಗಸಿ ಒಡ್ಡಿ ನಾನ ಮೊದಲ ಕುಡದೆ.
ಕಬ್ಬಿಣದ ರುಚಿ.
ಗೊತ್ತಿಲ್ಲವ್ವ, ಅಂದೆ, ಟೆಸ್ಟಿಗೆ ಕಳಸೋಣು.
ವರದಿ ಬರಾಕ ಹತ್ತೊಂಬತ್ತು ದಿನ. ಅಲ್ಲೀತನಕ ಆಕಿ
ಪಂಪಿನ ಮುಂದ ಹಾದು ದಿನಾ ಹಳ್ಳಕ್ಕ ಹೋದಳು.
ಚಲೋ ನೀರಿತ್ತು. ಅವರದು.

ಸರ್ವರ್ ಬಂತ್ರಿ, ಅಂದಳು ಕಿಡಕಿಯಾಗಿನಾಕಿ.
ಕಿಮ್ಮತ್ತು?
ಇನ್ನೂರಾ ನಲವತ್ತು.
ಉಡುಗೊರಿನೋ, ಮಾರಾಟನೋ?
ಬಾಕಿ ಅಂತ ಬರಿ.
ಅಂಥಾ ಕಾಲಂ ಇಲ್ರಿ, ಅಂತ ನಕ್ಕಳು,
ಬಾಯಿಗೆ ಅಂಗೈ ಅಡ್ಡ ಹಿಡಕೊಂಡು.

ಯಾವೂರವ್ವ ನಿಂದು?